ಕಾಕಾನ ಕೈಯ ಕುಸುರೆಳ್ಳು

ಆಗೆಲ್ಲ ನಮ್ಮ ಮನೆಗೆ ರವಿವಾರ ಅಂದರೆ ಭೋರ್ ಬಸ್ಸು. ಪುಣೆಯ ಉಳಿದ ಮಕ್ಕಳು ರವಿವಾರ ಉದ್ಯಾನಕ್ಕೆ ಹೋಗಿ ಭೇಳಪುರಿ ತಿಂದು ಬರುತ್ತಿದ್ದರು. ನಾನು ಮಾತ್ರ ಬೆಳಗಿನ ಚಳಿಯಲ್ಲಿ ಮಂಕಿಟೋಪಿ ಹಾಕಿಕೊಂಡು, ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಅಜ್ಜಿಯ ರೊಟ್ಟಿ ಗಂಟಿನ ಮೇಲೆ ಕೂತು, ಇಡೀ ಪುಣೆಯಲ್ಲಿ ನನ್ನಂಥ ಸುಖಿ ಯಾರೂ ಇಲ್ಲ ಅಂದುಕೊಳ್ಳುತ್ತಿದ್ದೆ. ಗಂಟಿನಿಂದ ಬಿಸಿ ಜೋಳದ ರೊಟ್ಟಿಯ ವಾಸನೆ, ಎಣಗಾಯಿಯ ಮಸಾಲೆಯ ವಾಸನೆ ಬರುತ್ತಿತ್ತು. ಬಸ್ಸು ಕಾತ್ರಜದ ಸುರಂಗದೊಳಗೆ ಹೊಕ್ಕಾಗ ಬಾಯಿಗೆ ಕೈ ಅಡ್ಡ ಹಿಡಿದು ಜೋರಾಗಿ ಕೂಗುತ್ತಿದ್ದೆ. ಅಮ್ಮ ತೊಡೆಗೆ ಒಂದು ಚಿವುಟುತ್ತಿದ್ದಳು. ಮುಂದಿನ ರವಿವಾರ ಮತ್ತೆ ಕೂಗುತ್ತಿದ್ದೆ.

ನಾವು ಹೋಗುತ್ತಿದ್ದದ್ದು ನನ್ನ ರಾಘೂ ಕಾಕಾನನ್ನು ನೋಡಲಿಕ್ಕೆ. ಭೋರ್ ಅನ್ನುವ ಊರಿನ ದಾರಿಯಲ್ಲಿ, ಭತ್ತದ ಗದ್ದೆಗಳ ನಡುವೆ, ಹೆಂಚಿನ ಮಾಡಿನ ಒಂದು ಉದ್ದನೆಯ ಕಟ್ಟಡ. ಅದರ ಮೇಲೆ ಮರಾಠಿಯಲ್ಲಿ ‘ವ್ಯಸನಮುಕ್ತಿ ಕೇಂದ್ರ’ ಅಂತ ಬರೆದಿತ್ತು. ಅಕ್ಷರ ಓದಲು ಬರುತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಶಾಲೆ ಅನ್ನುವ ಹಾಗೆ, ಟಪಾಲು ಕಚೇರಿ ಅನ್ನುವ ಹಾಗೆ ಅದೂ ಒಂದು ಜಾಗದ ಹೆಸರು ಅಂದುಕೊಂಡಿದ್ದೆ. ನನಗಾಗ ಒಂಬತ್ತು ವರ್ಷ.

ಕಾಕಾ ಅಂದರೆ ಅಪ್ಪನ ತಮ್ಮ. ಅಪ್ಪನಿಗೆ ಪುಣೆಯಲ್ಲಿ ಬ್ಯಾಂಕಿನ ಕೆಲಸ ಸಿಕ್ಕಾಗ ಅಜ್ಜಿ ಧಾರವಾಡದ ಮನೆಗೆ ಕೀಲಿ ಹಾಕಿ, ಚಿಕ್ಕ ಮಗನನ್ನು ಕರೆದುಕೊಂಡು ನಮ್ಮ ಜೊತೆಗೇ ಬಂದಿದ್ದಳು. ಕಾಕಾ ಪುಣೆಯ ಕ್ಯಾಂಪ್ ಭಾಗದ ಒಂದು ಅಂಗಡಿಯಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುತ್ತಿದ್ದ. ಅವನಷ್ಟು ನಗಿಸುವ ಮನುಷ್ಯನನ್ನು ನಾನು ಇವತ್ತಿಗೂ ನೋಡಿಲ್ಲ. ಕೆಳಗಿನ ಮನೆಯ ಮರಾಠಿ ಅಜ್ಜ ಆಜೋಬಾ ಸೀನುವುದನ್ನು, ಅಪ್ಪ ಪೇಪರ್ ಓದುತ್ತ ಗೊರಕೆ ಹೊಡೆಯುವುದನ್ನು ಮಾಡಿ ತೋರಿಸಿದರೆ ಅಜ್ಜಿ ಜಪಮಾಲೆ ಕೆಳಗಿಟ್ಟು ನಗುತ್ತಿದ್ದಳು. ಆದರೆ ಬರಬರುತ್ತ ಅವನಿಗೆ ‘ಹುಷಾರಿಲ್ಲ’ದ ದಿನಗಳು ಹೆಚ್ಚಾದವು. ಆ ದಿನ ನಾನು ಅವನ ಕೋಣೆಗೆ ಹೋಗುವಂತಿರಲಿಲ್ಲ. ಮುಂಜಾನೆ ಚಹಾ ಕುಡಿಯುವಾಗ ಬಶಿ ಖಡಖಡ ಅನ್ನುವಷ್ಟು ಅವನ ಕೈ ನಡುಗುತ್ತಿತ್ತು. ಅಜ್ಜಿ ಬಂದು ಬಶಿಯ ಇನ್ನೊಂದು ಅಂಚು ಹಿಡಿಯುತ್ತಿದ್ದಳು.

ಆ ವರ್ಷ ದಸರೆಗೆ ಮುಂಚೆ ಒಂದು ದಿನ ಅವನು ನನ್ನನ್ನು ಶಾಲೆಯಿಂದ ಕರೆದುಕೊಂಡು ಹೋಗಲು ಬರಲೇ ಇಲ್ಲ. ಗೇಟಿನ ಹತ್ತಿರ ಶಾಲೆಯ ಆಯಾ ನನಗೆ ಶೇಂಗಾ ಸುಲಿದು ಕೊಡುತ್ತ ಕೂತಿದ್ದಳು. ಕೊನೆಗೆ ಅಮ್ಮ ಓಡುತ್ತ ಬಂದಳು. ಕಾಕಾ ಸಿಕ್ಕಿದ್ದು ನದಿಯ ಮೆಟ್ಟಿಲುಗಳ ಮೇಲೆ, ಒಂದೇ ಚಪ್ಪಲಿಯಲ್ಲಿ. ಆವತ್ತೇ ಅಪ್ಪ ಮನೆಯಲ್ಲಿ ಮಾತು ತೆಗೆದ. ಅವನ ಬ್ಯಾಂಕಿನ ಡಾಕ್ಟರರು ಭೋರಿನ ಕೇಂದ್ರದ ಹೆಸರು ಕೊಟ್ಟಿದ್ದರು, ನಾಲ್ಕು ತಿಂಗಳು ಅಲ್ಲೇ ಇರಬೇಕು ಅಂದಿದ್ದರಂತೆ.

“ಜ್ವರಾ ಬಂದ್ರ ದವಾಖಾನಿಗೆ ಒಯ್ಯೂದಿಲ್ಲೇನವ್ವಾ?” ಅಂದ ಅಪ್ಪ.

“ಜ್ವರಾ ತಾನ ಬರ್ತದಪ್ಪಾ. ಇದನ್ನ ಇವಾ ಕೈಹಿಡಿದು ಕರಕೊಂಡ ಬಂದಾನ,” ಅಂದಳು ಅಜ್ಜಿ. “ಮಂದಿಗೆ ಗೊತ್ತಾದ್ರ ನಾ ಭಜನಿಗೆ ಯಾವ ಮಾರಿ ಇಟಗೊಂಡ ಹೋಗ್ಲಿ?”

ಅಜ್ಜಿಗೆ ಭಜನೆ ಅಂದರೆ ಪ್ರಾಣ. ಪುಣೆಯಲ್ಲಿದ್ದ ನಮ್ಮ ಧಾರವಾಡ, ಬೆಳಗಾವಿ ಕಡೆಯ ಹೆಂಗಸರು ಸೇರಿ ಪ್ರತಿ ಗುರುವಾರ ಒಬ್ಬೊಬ್ಬರ ಮನೆಯಲ್ಲಿ ಹಾಡುತ್ತಿದ್ದರು. ಅವರಲ್ಲಿ ಮುಂದಾಳು ಸಿಂಧೂಬಾಯಿ. ದೊಡ್ಡ ದನಿ, ದೊಡ್ಡ ಕುಂಕುಮ, ಪುಣೆಯ ಕನ್ನಡದವರ ಅರ್ಧ ಲಗ್ನಗಳನ್ನು ಕೂಡಿಸಿದವರು. ಕಾಕಾ ಭೋರಿಗೆ ಹೋದ ವಾರವೇ ಅವರು ಅಜ್ಜಿಯನ್ನು ಕೇಳಿಯೇಬಿಟ್ಟರು.

“ಗಂಗಾಬಾಯಿ, ರಾಘೂ ಕಾಣವಲ್ಲಲ್ರಿ?”

ಅಜ್ಜಿ ಜನ್ಮದಲ್ಲಿ ಸುಳ್ಳು ಹೇಳಿದವಳಲ್ಲ. ಅಭ್ಯಾಸ ಇಲ್ಲದವರು ಸುಳ್ಳು ಹೇಳಲು ಹೋದರೆ ಹೀಗೇ ಆಗುತ್ತದೆ. ಸಣ್ಣದು ಹೇಳಿ ಸುಮ್ಮನಾಗುವುದು ಬಿಟ್ಟು ಭಾರೀ ಸುಳ್ಳು ಹೇಳಿದಳು. “ಅವಗ ಬಾರಾಮತಿ ಸಕ್ಕರಿ ಕಾರ್ಖಾನ್ಯಾಗ ನೌಕರಿ ಹತ್ತೇತ್ರಿ. ಪರ್ಮನೆಂಟ!”

“ಅಯ್ಯ ನಮ್ಮವ್ವಾ! ಹಂಗಾದ್ರ ಈ ಸಂಕ್ರಮಣಕ್ಕ ನಮಗ ಸಕ್ಕರಿ ಚಿಂತಿ ಇಲ್ಲ ಬಿಡ್ರಿ,” ಅಂದರು ಸಿಂಧೂಬಾಯಿ.

ಅಲ್ಲಿಗೆ ಮುಗಿಯಿತು ಕಥೆ. ನಮ್ಮ ಕಡೆ ಸಂಕ್ರಮಣಕ್ಕೆ ಮನೆಯಲ್ಲೇ ಕುಸುರೆಳ್ಳು ಮಾಡುತ್ತಾರೆ. ಎಳ್ಳಿಗೆ ಹನಿಹನಿಯಾಗಿ ಸಕ್ಕರೆ ಪಾಕ ಕುಡಿಸಿ, ಮೈತುಂಬ ಮುಳ್ಳು ಏಳುವಂತೆ ಮಾಡುವ ಕೆಲಸ ಅದು. ಅದಕ್ಕೆ ದಪ್ಪ ಹರಳಿನ ಒಳ್ಳೆಯ ಸಕ್ಕರೆ ಬೇಕು. ಮಗ ಕಾರ್ಖಾನೆಯಲ್ಲೇ ಇದ್ದ ಮೇಲೆ ಇಲ್ಲ ಅನ್ನುವುದು ಹೇಗೆ? ಅಜ್ಜಿ ರವಿವಾರ ಪೇಠ ಅನ್ನುವ ಪೇಟೆಯ ಕಿರಾಣಿ ಅಂಗಡಿಯಿಂದ ಸಕ್ಕರೆ ತಂದು, ಅಂಗಡಿಯ ಚೀಲದಿಂದ ಸುರುವಿ, ಹಳೆಯ ಗೋಣಿಚೀಲವೊಂದಕ್ಕೆ ತುಂಬಿ, ಮೇಲೊಂದು ಸೆಣಬಿನ ಹುರಿ ಕಟ್ಟಿದಳು. ಹುರಿಗೆ ಬಾಗಿಲ ಮುಂದಿನ ಮಣ್ಣು ಹಚ್ಚಿ ಪ್ರಯಾಣ ಮಾಡಿದಂತೆ ಕಾಣಿಸುವುದು ನನ್ನ ಕೆಲಸ. ಆ ಕೆಲಸ ನನಗೆ ಎಷ್ಟು ಇಷ್ಟವಾಯಿತು ಅಂದರೆ, ಇನ್ನೊಂದು ಚೀಲ ಮಾಡೋಣ ಅಂತ ಅಜ್ಜಿಗೆ ಗಂಟುಬಿದ್ದೆ. ಮುಂದಿನ ಗುರುವಾರ ಹೆಂಗಸರೆಲ್ಲ ಒಂದೊಂದು ಡಬ್ಬಿ ತುಂಬಿಕೊಂಡು, ಹರಳನ್ನು ನಾಲಿಗೆಯ ಮೇಲಿಟ್ಟು ನೋಡಿ, “ಏನಂದ್ರೂ ಕಾರ್ಖಾನಿ ಸಕ್ಕರಿನ ಬ್ಯಾರೆ! ಅಂಗಡಿದು ಇದರ ಮುಂದ ಬರೇ ಉಸುಕು” ಅಂದರು. ಅಮ್ಮ ನಗು ತಡೆಯಲಾರದೆ ಒಳಗೆ ಹೋಗಿ ಪಾತ್ರೆ ಸಪ್ಪಳ ಮಾಡಿದಳು.

ಕೇಂದ್ರದಲ್ಲಿ ಮೊದಲ ತಿಂಗಳು ಯಾರನ್ನೂ ಬಿಡುತ್ತಿರಲಿಲ್ಲ. ಆಮೇಲೆ ರವಿವಾರ ಮುಂಜಾನೆಯಿಂದ ನಾಲ್ಕು ಗಂಟೆಯವರೆಗೆ ಮನೆಯವರು ಬರಬಹುದು. ಅಂಗಳದಲ್ಲಿ ದೊಡ್ಡ ಹುಣಸೆಮರ, ಅದರ ಕೆಳಗೆ ಸಾಲು ಚಾಪೆ. ಒಬ್ಬ ಬಸ್ ಡ್ರೈವರನ ಮನೆಯವರು, ಒಬ್ಬ ನಿವೃತ್ತ ಸುಭೇದಾರರ ಮನೆಯವರು, ವಜ್ರದ ಮೂಗುತಿಯ ಒಬ್ಬ ಗುಜರಾತಿ ಅಜ್ಜಿ, ಎಲ್ಲರೂ ಊಟ ಕಟ್ಟಿಕೊಂಡು ಬಂದಿರುತ್ತಿದ್ದರು. ಮೊದಲ ರವಿವಾರ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎರಡನೆಯ ರವಿವಾರ ಗುಜರಾತಿ ಅಜ್ಜಿ ನಮ್ಮ ರೊಟ್ಟಿ ತಟ್ಟುವುದು ಹೇಗೆಂದು ಕೇಳಿದಳು. ಮೂರನೆಯ ರವಿವಾರದಿಂದ ಚಾಪೆಗಳೆಲ್ಲ ಕೂಡಿ ಒಂದೇ ಪಂಕ್ತಿ. ಮನೆಯಲ್ಲಿ ಅವರಿವರು ಮುಟ್ಟಿದ್ದಕ್ಕೆ ಮೂಗು ಮುರಿಯುತ್ತಿದ್ದ ನಮ್ಮ ಅಜ್ಜಿ, ಅಲ್ಲಿ ಡ್ರೈವರನ ಹೆಂಡತಿ ಕೊಟ್ಟ ಕಡಲೆಹಿಟ್ಟಿನ ಪಿಠಲಾ ಮತ್ತು ಭಾಕ್ರಿ ರೊಟ್ಟಿಯನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದಳು. ನಾವು ಮಕ್ಕಳು ಹೆಂಚಿನ ಚೂರು ಪೇರಿಸಿ ಲಗೋರಿ ಆಡುತ್ತಿದ್ದೆವು. ಒಳಗಿದ್ದ ಗಂಡಸರೂ ಆಟಕ್ಕೆ ಬರುತ್ತಿದ್ದರು. ಅಪ್ಪಂದಿರು, ಕಾಕಾಗಳು ಮನೆಯಲ್ಲಿ ಹೀಗೆ ಆಡಿದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಸುಭೇದಾರರು ಚೆಂಡಿನ ಹೊಡೆತ ತಪ್ಪಿಸಿಕೊಳ್ಳಲು ಹೋಗಿ ಕೊತ್ತಂಬರಿ ಮಡಿಯಲ್ಲಿ ಬಿದ್ದ ದಿನ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಅಂಥದೇ ಒಂದು ರವಿವಾರ ಕಾಕಾ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಪೇರಲ ಹಣ್ಣಿಗೆ ಉಪ್ಪುಖಾರ ಹಚ್ಚಿ ಕೊಟ್ಟ.

“ಶಾಲೂ, ಆವತ್ತ ನಿನ್ನ ಸಾಲಿಯಿಂದ ಕರಕೊಂಡ ಬರಲಿಲ್ಲ ನಾ. ಯಾಕ ಗೊತ್ತೇನ? ಕುಡಿದಿದ್ದೆ.”

“ಅಜ್ಜಿ ಹುಷಾರಿದ್ದಿಲ್ಲ ಅಂದ್ಲು.”

“ಅದೂ ಖರೇನ. ಕುಡಿಯೂದು ಒಂದು ಬ್ಯಾನಿ. ಅದಕ್ಕ ಇಲ್ಲೆ ಔಷಧ ತಗೋಳಿಕ್ಕೆ ಬಂದೀನಿ. ತಪ್ಪಾತವ್ವಾ.”

ದೊಡ್ಡವರು ಯಾರೂ ಅಲ್ಲಿಯವರೆಗೆ ನನ್ನ ಹತ್ತಿರ ತಪ್ಪಾಯಿತು ಅಂದಿರಲಿಲ್ಲ. ನನಗೆ ಭಾಳ ದೊಡ್ಡವಳಾದಂತೆ ಅನ್ನಿಸಿ, “ಇರಲಿ ಬಿಡು” ಅಂದೆ. ಅರ್ಧಕ್ಕೇ ಮನೆಗೆ ಬಂದರೆ ಏನಾಗುತ್ತದೆ ಅಂತಲೂ ಕೇಳಿದೆ. “ಅರ್ಧಾ ಬೆಂದ ಬ್ಯಾಳಿ ಉಂಡ್ರ ಏನಾಗ್ತದ? ಹೊಟ್ಟಿ ಕಡೀತದ ಹೌದಲ್ಲೋ? ಹಂಗ. ನಾಕು ತಿಂಗಳು ಪೂರಾ ಬೇಯಬೇಕು ನಾ,” ಅಂದ.

ಇತ್ತ ಮನೆಯಲ್ಲಿ ಕುಸುರೆಳ್ಳಿನ ಕೆಲಸ ಸುರುವಾಗಿತ್ತು. ಬೆಳಗಿನ ಕೊರೆವ ಚಳಿಯಲ್ಲಿ ಸಣ್ಣ ಕೆಂಡದ ಮೇಲೆ ಪರಾತ ಅನ್ನುವ ಅಗಲದ ಹಿತ್ತಾಳೆ ತಾಟು, ಅದರಲ್ಲಿ ಹುರಿದ ಎಳ್ಳು. ಒಂದು ಚಮಚ ಪಾಕ ಬಿಟ್ಟು ಬೆರಳ ತುದಿಯಿಂದ ಮೆಲ್ಲಗೆ ಆಡಿಸಬೇಕು, ಒಣಗಿದ ಮೇಲೆ ಇನ್ನೊಂದು ಚಮಚ. ಅವಸರ ಮಾಡಿದರೆ ಗಂಟು ಕಟ್ಟುತ್ತದೆ, ಕೈ ಅಲುಗಿದರೆ ಮುಳ್ಳು ಮುರಿಯುತ್ತದೆ. ದಿನ ತಪ್ಪಿಸುವಂತಿಲ್ಲ. ಹಾಗಾಗಿ ಒಂದು ರವಿವಾರ ಅಜ್ಜಿ ಪರಾತವನ್ನೂ ಪಾಕದ ಗಡಿಗೆಯನ್ನೂ ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ ಹತ್ತಿದಳು. ಕೇಂದ್ರದ ಅಡುಗೆಮನೆಯವರು ಇದ್ದಿಲು ಹಾಕಿ ಒಂದು ಶೇಗಡಿ ಒಲೆ ಕೊಟ್ಟರು. ಕಾಕಾ ಹತ್ತಿರ ಬಂದು ಕೂತು, “ಕೊಡವ್ವಾ, ನಾ ಮಾಡ್ತೀನಿ” ಅಂದ.

“ಗಂಡಸರ ಕೆಲಸ ಅಲ್ಲೋ ಅದು,” ಅಂದಳು ಅಜ್ಜಿ. ಅವಳು ನೋಡುತ್ತಿದ್ದುದು ಅವನ ಕೈಯನ್ನು. ನಾನೂ ನೋಡಿದೆ, ಅಮ್ಮನೂ ನೋಡಿದಳು. ಕಾಕಾ ಚಮಚ ತೆಗೆದುಕೊಂಡು ಪಾಕ ಬಿಟ್ಟ. ಒಂದೂ ಹನಿ ಆಚೀಚೆ ಆಗಲಿಲ್ಲ. ಹೊಲಿಗೆ ಮಷಿನ್ನಿನ ಸಣ್ಣ ಸ್ಕ್ರೂ ಹಿಡಿದು ಪಳಗಿದ ಬೆರಳುಗಳು ಎಳ್ಳನ್ನು ಆಡಿಸಿದವು. ಅಜ್ಜಿ ಪರಾತವನ್ನು ಅಲ್ಲೇ ಬಿಟ್ಟು ಬಂದಳು. ವಾರವಿಡೀ ಕೇಂದ್ರದ ಗಂಡಸರೆಲ್ಲ ಪಾಳಿ ಹಚ್ಚಿ ಅದನ್ನು ಕಾದರಂತೆ. ಸುಭೇದಾರರು ಬೆಂಕಿ ನೋಡುವುದು, ಡ್ರೈವರು ಪಾಕ ಸೋಸುವುದು, ಕಾಕಾ ಕೈಯಾಡಿಸುವುದು. ಮುಂದಿನ ರವಿವಾರ ಡಬ್ಬಿಯ ಮುಚ್ಚಳ ತೆಗೆದರೆ ಮಲ್ಲಿಗೆ ಮೊಗ್ಗಿನ ಬಣ್ಣದ ಕುಸುರೆಳ್ಳು, ಒಂದೊಂದಕ್ಕೂ ಮೈತುಂಬ ಮುಳ್ಳು. ಅಜ್ಜಿ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಅಳಲು ಸುರುಮಾಡಿದಳು. ಗುಜರಾತಿ ಅಜ್ಜಿ ತನಗೇನೂ ತಿಳಿಯದಿದ್ದರೂ ಜೊತೆಗೂಡಿ ಅತ್ತಳು.

ಸಂಕ್ರಮಣದ ದಿನ ಮಧ್ಯಾಹ್ನ ಭಜನೆ ನಮ್ಮ ಮನೆಯಲ್ಲಿ. ಹಾಡು ಮುಗಿದ ಮೇಲೆ ನಾನು ಹೊಸ ಪರಕರ ಉಟ್ಟುಕೊಂಡು ಎಲ್ಲರಿಗೂ ಕುಸುರೆಳ್ಳು ಕೊಟ್ಟೆ. “ಎಳ್ಳು ಬೆಲ್ಲಾ ತಗೊಂಡು ಎಳ್ಳುಬೆಲ್ಲದ್ಹಂಗ ಇರೂಣ್ರಿ” ಅನ್ನುತ್ತ ಎಲ್ಲರ ಕಾಲಿಗೂ ಬಿದ್ದೆ. ಸಿಂಧೂಬಾಯಿ ಬಾಯಿಗೆ ಹಾಕಿಕೊಳ್ಳುವ ಮೊದಲು ಬೆಳಕಿಗೆ ಹಿಡಿದು ನೋಡಿ, “ಏನ್ ಮುಳ್ಳರೀ ಇವು! ಗಂಗಾಬಾಯಿ, ಈ ವಯಸ್ಸಿನ್ಯಾಗ ಇಂಥಾ ಕೈ!” ಅಂದರು. ಆಮೇಲೆ ಸೀರೆಯ ನಿರಿಗೆ ಸರಿಪಡಿಸಿಕೊಂಡು, ತಾವು ಹೇಳಲು ಬಂದ ಮಾತನ್ನು ತೆಗೆದರು. ಅವರ ತಂಗಿಯ ಮಗಳು, ಬಿ.ಎ. ಆಗಿದೆ, ಹಾಡುತ್ತಾಳೆ. ಕಾರ್ಖಾನೆಯ ಪರ್ಮನೆಂಟ್ ಹುಡುಗ, ಮತ್ತೇನು ಬೇಕು?

“ಬರೂ ರವಿವಾರ ರಾಘೂನ್ನ ಕರಸ್ರಿ. ಕನ್ಯಾ ತೋರಿಸಿಬಿಡೂಣು.”

ಅಜ್ಜಿಯ ಮುಖ ಅರಳಿದ್ದನ್ನು ಕಣ್ಣಾರೆ ನೋಡಿದೆ. ಎಷ್ಟು ವರ್ಷದಿಂದ ಆ ಮಾತಿಗೆ ಕಾದಿದ್ದಳೋ. ಕಾಕಾನ ನಾಲ್ಕು ತಿಂಗಳಿಗೆ ಇನ್ನೂ ಒಂದು ತಿಂಗಳು ಬಾಕಿ ಇದೆ ಅನ್ನುವುದು ಅವಳಿಗೆ ಆ ಕ್ಷಣ ಮರೆತೇಹೋಯಿತೋ, ಇಲ್ಲಾ ಮರೆಯಬೇಕು ಅನ್ನಿಸಿತೋ. “ಕರಸ್ತೀನ್ರಿ. ಕೆಲಸಾ ಬಿಟ್ಟು ಬಾ ಅಂತ ಹೇಳಿದ್ರಾತು, ಬರ್ತಾನ,” ಅಂದಳು. ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖದ ಬಣ್ಣ ಇಳಿಯಿತು. ಅತ್ತೆಯ ಮಾತಿಗೆ ಹತ್ತು ಜನರೆದುರು ಅಡ್ಡ ಮಾತಾಡುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ.

ಕಾಕಾ ಬರುವುದು ನನಗೆ ಬೇಡವಾಗಿತ್ತು. ದೊಡ್ಡ ಮನಸ್ಸಿನಿಂದೇನೂ ಅಲ್ಲ, ನಿಜ ಹೇಳಬೇಕೆಂದರೆ ಮೊದಲು ನೆನಪಾಗಿದ್ದು ಲಗೋರಿ, ಸುರಂಗ, ಉಪ್ಪುಖಾರದ ಪೇರಲ. ಕಾಕಾ ಬಂದುಬಿಟ್ಟರೆ ರವಿವಾರಗಳೆಲ್ಲ ಹೋದಂತೆಯೇ. ಅದರ ಬೆನ್ನಿಗೇ ಅರ್ಧ ಬೆಂದ ಬೇಳೆ ನೆನಪಾಯಿತು. ಅಳು ಬಂದುಬಿಟ್ಟಿತು.

“ಕಾಕಾ ಬರೂದಿಲ್ಲ!” ಅಂತ ಚೀರಿದೆ. “ಅವಾ ಬಾರಾಮತ್ಯಾಗ ಇಲ್ಲ, ಭೋರ್‌ನ್ಯಾಗ ಔಷಧ ತಗೋಳಾಕತ್ತಾನ. ಕುಡಿಯೂದಕ್ಕ! ಇವನ್ನೂ ಅವನ ಮಾಡ್ಯಾನ. ಅಜ್ಜಿ ಮಾಡಿಲ್ಲ!”

ಯಾರೋ ಒಬ್ಬರು ತಾಳಗಳನ್ನು ಚೀಲಕ್ಕೆ ಹಾಕತೊಡಗಿದರು.

“ಹುಡುಗಿ ಏನರೆ ಅಂತದ್ರಿ...” ಅಂತ ಅಜ್ಜಿ ಸುರುಮಾಡಿದಳು. ಬಟ್ಟಲಿನಲ್ಲಿದ್ದ ಕುಸುರೆಳ್ಳನ್ನು ನೋಡುತ್ತ ಕೂತಳು. ಆಮೇಲೆ ಸೆರಗು ಸರಿಮಾಡಿಕೊಂಡು ತಲೆ ಎತ್ತಿದಳು.

“ಖರೇನ ಅಂದದ್ರಿ ಕೂಸು. ನನ್ನ ಮಗಾ ಕುಡೀತಿದ್ದ. ಸಕ್ಕರಿ ಪೇಟ್ಯಾಗಿಂದ ತಂದದ್ದು. ಆದ್ರ ಇವು ಮಾತ್ರ ಅವನ ಕೈಲೆನ ಆಗ್ಯಾವ. ನೋಡ್ಕೋರಿ, ಒಂದರೆ ಮುಳ್ಳು ಮುರದದೇನು? ಇನ್ನೊಂದು ತಿಂಗಳು ಅವಾ ಅಲ್ಲೇ ಇರ್ತಾನ್ರಿ. ಕನ್ಯಾ ಪನ್ಯಾ ಆಮ್ಯಾಲೆ.”

ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಒಬ್ಬರಿಗೆ ನಲ್ಲಿಗೆ ನೀರು ಬರುವ ಹೊತ್ತು, ಒಬ್ಬರಿಗೆ ಮೊಮ್ಮಗನ ಟ್ಯೂಷನ್. ಕೆಲವರು ಕುಸುರೆಳ್ಳನ್ನು ಚಾಪೆಯ ಮೇಲೇ ಬಿಟ್ಟುಹೋಗಿದ್ದರು. ಅದನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. ಇವತ್ತಿಗೂ ಉರಿಯುತ್ತದೆ. ಅಮ್ಮ ನನ್ನನ್ನು ಎಳೆದುಕೊಂಡು ಹೋಗಿ ಬಾಗಿಲ ಹಿಂದೆ ನಿಲ್ಲಿಸಿದಳು. ಹೊಡೆಯುತ್ತಾಳೆ ಅಂತ ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ, ಗಟ್ಟಿಯಾಗಿ ಅಪ್ಪಿಕೊಂಡಳು.

ಸಿಂಧೂಬಾಯಿ ಮಾತ್ರ ಎದ್ದಿರಲಿಲ್ಲ. ಎಲ್ಲರೂ ಹೋದ ಮೇಲೆ ಬಟ್ಟಲುಗಳನ್ನು ಒಂದರೊಳಗೊಂದು ಇಡುತ್ತ, ಅಷ್ಟು ದೊಡ್ಡ ದನಿಯನ್ನು ಪಿಸುಮಾತು ಮಾಡಿ ಕೇಳಿದರು. “ಭೋರಿಗೆ ಯಾವ ಬಸ್ಸಿಗೆ ಹೋಗ್ತೀರಿ?”

ಅಜ್ಜಿ ಅವರ ಮುಖ ನೋಡಿದಳು. ಸಿಂಧೂಬಾಯಿಯ ಯಜಮಾನರು ಎರಡು ವರ್ಷದಿಂದ ಯಾವ ಮದುವೆಗೂ ಯಾವ ಮುಂಜಿಗೂ ಬಂದಿರಲಿಲ್ಲ. ಮೊಣಕಾಲು ನೋವು ಅಂತ ಅವರು ಹೇಳುತ್ತಿದ್ದರು. ನಾವೆಲ್ಲ ನಂಬಿ, ಊರಿಗೆ ಹೋದವರು ಬರುವಾಗ ಅವರಿಗಾಗಿ ಮುಲಾಮು ತರುತ್ತಿದ್ದೆವು.

“ಮೊಣಕಾಲಿಗೇನ್ರಿ?” ಅಂದಳು ಅಜ್ಜಿ.

“ಹೂನ್ರಿ,” ಅಂದರು ಸಿಂಧೂಬಾಯಿ. “ಮೊಣಕಾಲಿಗೆ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಿಸಕ್ಕನೆ ನಕ್ಕರು. ನಗುತ್ತ ನಗುತ್ತ ಸಿಂಧೂಬಾಯಿ ಅಜ್ಜಿಯ ಹೆಗಲಿಗೆ ತಲೆ ಕೊಟ್ಟು ಅತ್ತುಬಿಟ್ಟರು. ಆ ವಾರದ ರವಿವಾರ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನಲ್ಲಿ ಅವರಿದ್ದರು. ಪಕ್ಕದಲ್ಲಿ ತೆಳ್ಳಗಿನ, ನಾಚಿಕೆಯ ಯಜಮಾನರು. ಸುರಂಗ ಬಂದಾಗ ಅವರೂ ಮೆಲ್ಲಗೆ ಒಂದು ಸಲ ಕೂಗಿದರು.

ಕಾಕಾ ಪೂರಾ ನಾಲ್ಕು ತಿಂಗಳು ಮುಗಿಸಿಯೇ ಬಂದ. ಆ ಕನ್ಯೆಯ ಮಾತು ಮುಂದುವರಿಯಲಿಲ್ಲ, ಹುಡುಗಿಯ ಅಪ್ಪ ಬೇಡ ಅಂದರಂತೆ. ಎರಡು ವರ್ಷದ ಮೇಲೆ ಕಾಕಾ ಒಮ್ಮೆ ಜಾರಿದ. ಮರುದಿನ ತಾನೇ ಚೀಲ ತುಂಬಿಕೊಂಡು ಸ್ವಾರಗೇಟಿಗೆ ಹೋದ. ಅದಾದ ಮೇಲೆ ಜಾರಿಲ್ಲ. ಈಗ ತಲೆಯೆಲ್ಲ ಬೆಳ್ಳಗಾಗಿದೆ. ರವಿವಾರ ಕೇಂದ್ರಕ್ಕೆ ಹೋಗಿ ಹೊಸದಾಗಿ ಬಂದವರ ಜೊತೆ ಕೂತು ಮಾತಾಡುತ್ತಾನೆ. ಅಜ್ಜಿ ತೀರಿಕೊಂಡು ಆರು ವರ್ಷವಾಯಿತು.

ಹೋದ ಚಳಿಗಾಲ ನಾನೂ ಅವನ ಜೊತೆ ಹೋಗಿದ್ದೆ. ಕಟ್ಟಡ ಹೊಸದಾಗಿದೆ, ಡಾಕ್ಟರು ಅಲ್ಲೇ ಇರುತ್ತಾರೆ, ಫೋನಿನಲ್ಲೇ ಜಾಗ ಹಿಡಿಯಬಹುದು. ಒಳ್ಳೆಯದೇ ಆಯಿತು. ಅಜ್ಜಿಯ ಕಾಲಕ್ಕೆ ಇಂಥ ಜಾಗ ಇದೆ ಅಂತ ತಿಳಿಯುವುದೇ ಕಷ್ಟವಾಗಿತ್ತು. ಆದರೆ ಹುಣಸೆಮರದ ಕೆಳಗೆ ಯಾರೂ ಇಲ್ಲ. ಗೇಟಿನ ಹೊರಗೆ ಕಾರು ನಿಲ್ಲುತ್ತದೆ, ಗಾಜು ಇಳಿಯುತ್ತದೆ, ಒಂದು ಚೀಲ ಒಳಗೆ ಹೋಗುತ್ತದೆ, ಕಾರು ತಿರುಗುತ್ತದೆ.

“ಈಗ ಎಲ್ಲಾ ಸಿಗ್ತದ ಶಾಲೂ,” ಅಂದ ಕಾಕಾ. “ಬಂದು ಕೂಡಾವರು ಸಿಗವಲ್ರು.”

ಒಬ್ಬ ಮನುಷ್ಯನ ಕೈ ನಡುಗುವುದು ನಿಲ್ಲಲಿ ಅಂತ ಒಂದು ಇಡೀ ಮನೆ ಅಡುಗೆ ಕಟ್ಟಿಕೊಂಡು ಬಸ್ ಹತ್ತುತ್ತಿತ್ತು. ಮಂದಿಗೆ ಹೆದರಿ ಅಷ್ಟೊಂದು ಸುಳ್ಳು ಹೇಳಿದವರೂ ಅವನನ್ನು ಒಂಟಿಯಾಗಿ ಬಿಡಲಿಲ್ಲ. ನಾವು ಸುಳ್ಳನ್ನು ಉಳಿಸಿಕೊಂಡು, ಬಸ್ಸನ್ನು ಬಿಟ್ಟುಬಿಟ್ಟೆವಲ್ಲ ಅಂತ ನನಗೆ ಆ ಖಾಲಿ ಅಂಗಳದಲ್ಲಿ ತಡೆಯಲಾರದಷ್ಟು ದುಃಖವಾಯಿತು.

ಅಂಗಳದ ಆ ತುದಿಯಲ್ಲಿ ಚಾಪೆ ಹಾಸಿಕೊಂಡು ಒಬ್ಬಳೇ ಹೆಂಗಸು ಕೂತಿದ್ದಳು, ನನ್ನ ವಯಸ್ಸಿನವಳೇ, ಓಢಣಿಯಿಂದ ಮುಖ ಕಟ್ಟಿಕೊಂಡು. ಅಜ್ಜಿಯಾಗಿದ್ದರೆ ಇಷ್ಟೊತ್ತಿಗೆ ಅವಳ ಊರು, ಮನೆತನ ಎಲ್ಲ ಕೇಳಿ ಮುಗಿದಿರುತ್ತಿತ್ತು. ನನಗೆ ಅಷ್ಟು ಧೈರ್ಯವಿಲ್ಲ. ಎರಡು ಸಲ ಎದ್ದು ಎರಡು ಸಲ ಕೂತೆ. ಮೂರನೆಯ ಸಲ ನಾನು ತಂದಿದ್ದ ರೊಟ್ಟಿಯ ಡಬ್ಬಿ ಹಿಡಿದುಕೊಂಡು ಹೋಗಿ, “ಜೇವಣ ಝಾಲಂ ಕಾ?” ಅಂತ ಮರಾಠಿಯಲ್ಲಿ ಊಟದ ಮಾತು ಕೇಳಿದೆ.

ಅವಳು ಯಾರಾದರೂ ನೋಡುತ್ತಿದ್ದಾರೆಯೇ ಅಂತ ಸುತ್ತ ಕಣ್ಣಾಡಿಸಿದಳು. ಆಮೇಲೆ ಓಢಣಿ ಬಿಚ್ಚಿ, ಚಾಪೆಯ ಮೇಲೆ ಸರಿದು ನನಗೆ ಜಾಗ ಮಾಡಿಕೊಟ್ಟಳು.